ಒಂದು ಕಪಾಟಿಗೆ ಹಿಡಿಯುವಷ್ಟು ಕಾದಂಬರಿ

ಜುಲೈ ಮೂರು, ಬುಧವಾರ. ಆಧಾರ: ದಾವಣಗೆರೆಯಿಂದ ಹರಿಹರಕ್ಕೆ ಹೋದ ಬಸ್ಸಿನ ಟಿಕೆಟ್ಟಿನ ಜೆರಾಕ್ಸ್ ಪ್ರತಿ. ಮೂಲ ಟಿಕೆಟ್ಟು ಈಗ ಪೂರ್ತಿ ಬಿಳಿಯಾಗಿದೆ. ಓದು ಆರಂಭವಾದದ್ದು ಜುಲೈ ಒಂದರಂದು ಎಂದು ಈ ಮೊದಲು ಒಂದೆರಡು ಕಡೆ ಹೇಳಿದ್ದೇನೆ. ಅದು ನೆನಪಿನ ಮಾತು. ಜೆರಾಕ್ಸ್ ಅದನ್ನು ಒಪ್ಪುವುದಿಲ್ಲ. ಒಂದರಂದು ಕಾಲೇಜಿನ ಗ್ರಂಥಾಲಯಕ್ಕೆ ಹೋಗಿದ್ದು ನಿಜ, ಆದರೆ ಅಂದು ಪುಸ್ತಕ ತಂದಿರಲಿಲ್ಲ.

ಬಸ್ ಟಿಕೆಟ್ಟನ್ನು ಪುಟದ ಗುರುತಿಗೆ ಇಡುವುದು ನನ್ನ ಹಳೆಯ ಅಭ್ಯಾಸ. ಈಗಿನ ಟಿಕೆಟ್ಟುಗಳ ಅಕ್ಷರ ಶಾಯಿಯದಲ್ಲ, ಶಾಖದ್ದು. ಬೆವರು ತಗುಲಿದರೆ, ಬಿಸಿಲಿಗೆ ಬಿದ್ದರೆ ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತದೆ. ಆದ್ದರಿಂದ ಆ ವರ್ಷ ಪ್ರತಿ ಸೋಮವಾರ ಹಿಂದಿನ ವಾರದ ಟಿಕೆಟ್ಟುಗಳನ್ನು ಒಂದು ಹಾಳೆಯ ಮೇಲೆ ಜೋಡಿಸಿ ಜೆರಾಕ್ಸ್ ಮಾಡಿಸಿ ಇಡುತ್ತಿದ್ದೆ. ಯಾವ ಕಾದಂಬರಿಯನ್ನು ಯಾವಾಗ ಓದಿದೆ ಎಂಬುದಕ್ಕೆ ನನ್ನ ಬಳಿ ಇರುವ ಆಧಾರ ಅಷ್ಟೇ.

ನಾನು ಇಂಗ್ಲಿಷ್ ಅಧ್ಯಾಪಕನಾಗಿದ್ದವನು; ನಿವೃತ್ತನಾದ ಮೇಲೆ ಹಳೆಯ ಮುದ್ರಣಗಳ ಕಾಲನಿರ್ಣಯದಲ್ಲಿ ತೊಡಗಿಕೊಂಡಿದ್ದೆ. ಗ್ರಂಥಾಲಯಕ್ಕೆ ನನ್ನನ್ನು ಕರೆದವರು ಅಲ್ಲಿಯ ಗ್ರಂಥಪಾಲಕಿ. ಭಾನುವಳ್ಳಿಯವರು. ಹರಿಹರದ ಮೇಲೆ ಎರಡು ಬಸ್ಸು ಬದಲಿಸಿ ದಿನವೂ ಬರುವವರು. ಗುತ್ತಿಗೆಯ ಮೇಲಿದ್ದರು.

“ಸರ, ಮ್ಯಾಲಿನ ಹಾಲು ಡಿಜಿಟಲ್ ರೂಮ್ ಮಾಡ್ತಾರಂತ್ರಿ. ಇಂಗ್ಲಿಷ್ ಕಾದಂಬರಿ ಎಲ್ಲಾ ರದ್ದಿಗೆ ಅಂದ್ರು. ನಾನು ಬ್ಯಾಡ ಬ್ಯಾಡ ಅಂತ ಗಂಟು ಬಿದ್ದೆ. ಕಡಿಗೆ ಒಂದು ಕಪಾಟು ಕೊಡ್ತೀವಿ ಅಂದಾರೆ.”

“ಒಂದೇನಾ?”

“ಒಂದಾ ರೀ. ಗಾಜಿನ ಬಾಗಿಲ್ದು. ಅದ್ರಾಗೆ ಹಿಡಿಯೋವಷ್ಟು ಆರಿಸಿ ಇಟ್ಕೊಳ್ರಿ, ಉಳಿದದ್ದು ಹೋಗ್ಲಿ ಅಂದಾರೆ. ಈಗ ಆರಿಸೋರು ಯಾರು? ನಾನು ಆರಿಸಿದ್ರೆ ಗುತ್ತಿಗೆಯಾಕಿ ಏನು ಆರಿಸ್ತಾಳೆ ಅಂತಾರೆ. ನೀವು ಆರಿಸಿದ್ರೆ ಡಾಕ್ಟರ್ ಆರಿಸ್ಯಾರೆ ಅಂತಾರೆ.”

ಆ ಕಾದಂಬರಿಗಳನ್ನೆಲ್ಲ ಕೊಂಡವರು ನಮ್ಮ ವಿಭಾಗದ ಮೊದಲ ಮುಖ್ಯಸ್ಥೆ, ನಾವೆಲ್ಲ ಮೇಡಂ ಎನ್ನುತ್ತಿದ್ದವರು. ಕಾಲೇಜಿನ ಅನುದಾನದಲ್ಲಿ ಪ್ರತಿ ವರ್ಷ ಏನಾದರೂ ಮಾಡಿ ಒಂದು ಪಾಲು ಕಾದಂಬರಿಗೆ ಉಳಿಸಿ, ತಾವೇ ಆರಿಸಿ ತರಿಸುತ್ತಿದ್ದರು. ಬಂದ ಪುಸ್ತಕವನ್ನು ಮೊದಲು ತಾವೇ ಓದುವರು. ಓದಿ ಮುಗಿಸಿದ ದಿನದ ತಾರೀಖನ್ನು ಕೊನೆಯ ಪುಟದ ತಳದಲ್ಲಿ ಪೆನ್ಸಿಲಿನಿಂದ ಬರೆಯುವರು. ತಾರೀಖು ಮಾತ್ರ, ಮೆಚ್ಚುಗೆಯೂ ಇಲ್ಲ, ಆಕ್ಷೇಪವೂ ಇಲ್ಲ. ಅವರ ಕೈಕೆಳಗೆ ನಾನು ಕೆಲಸ ಮಾಡಿದೆ. ಗ್ರಂಥಪಾಲಕಿ ಅವರ ಕೊನೆಯ ತಂಡದ ವಿದ್ಯಾರ್ಥಿನಿ. ಅವರು ತೀರಿಕೊಂಡ ಮೇಲೆ ಅವರದೆಂದು ಆ ಕಟ್ಟಡದಲ್ಲಿ ಉಳಿದದ್ದು ಪೆನ್ಸಿಲಿನ ಈ ತಾರೀಖುಗಳು ಮಾತ್ರ. ಕಪಾಟಿಗೆ ಸೇರದ ಪುಸ್ತಕದೊಂದಿಗೆ ಅದರ ತಾರೀಖೂ ಮಂಡಿಪೇಟೆಯ ರದ್ದಿ ಅಂಗಡಿಗೆ ಹೋಗಲಿತ್ತು.

ನಾನು ಒಪ್ಪಿಕೊಂಡೆ. ಒಂದು ವರ್ಷದ ಅವಧಿ ಕೇಳಿದೆ, ಕೊಟ್ಟರು.

ವಿಧಾನವನ್ನು ಮೊದಲ ವಾರದಲ್ಲೇ ನಿಗದಿ ಮಾಡಿಕೊಂಡೆ. ಯಾವ ಕಾದಂಬರಿಯನ್ನೂ ಅರ್ಧಕ್ಕೆ ಬಿಡಬಾರದು. ಓದುವ ಮೊದಲು ಲೇಖಕರ ಬಗ್ಗೆ, ಬಂದ ವಿಮರ್ಶೆಗಳ ಬಗ್ಗೆ ಏನನ್ನೂ ನೋಡಬಾರದು. ಕಥನದ ಕಟ್ಟಡ, ಪಾತ್ರ, ಭಾಷೆ, ಜೀವನದೃಷ್ಟಿ, ಹೀಗೆ ನಾಲ್ಕು ಭಾಗ. ಒಂದೊಂದಕ್ಕೆ ಇಪ್ಪತ್ತೈದು ಅಂಕ. ಒಟ್ಟು ಅಂಕವನ್ನು ಬೆರಳಗಲದ ಚೀಟಿಯಲ್ಲಿ ಬರೆದು ಪುಸ್ತಕದೊಳಗೆ ಇಡುವುದು. ವರ್ಷದ ಕೊನೆಗೆ ಮೇಲಿನಿಂದ ಎಣಿಸುತ್ತ ಬಂದು ಕಪಾಟು ತುಂಬಿದಲ್ಲಿ ನಿಲ್ಲಿಸುವುದು.

ದಾವಣಗೆರೆಯಲ್ಲಿ ನಮ್ಮ ಪಕ್ಕದ ನಿವೇಶನದಲ್ಲಿ ಮನೆ ಕಟ್ಟುತ್ತಿದ್ದರು. ಹಗಲೆಲ್ಲ ಕಲ್ಲು ಕೊಯ್ಯುವ ಯಂತ್ರದ ಸದ್ದು. ಹಾಗಾಗಿ ವಾರದಲ್ಲಿ ಎರಡು ಮೂರು ದಿನ, ಶನಿವಾರ ತಪ್ಪದೆ, ಹರಿಹರದ ಅಕ್ಕನ ಮನೆಯ ಮಹಡಿಯ ಕೋಣೆಗೆ ಓದಲು ಹೋಗುತ್ತಿದ್ದೆ. ಸ್ಕೂಟರನ್ನು ಕಾಲೇಜಿನ ಹಿಂಬಾಗಿಲ ಒಳಗೆ ಬೇವಿನ ಮರದ ಕೆಳಗೆ ನಿಲ್ಲಿಸಿ, ಅಲ್ಲಿಂದ ಬಸ್ ನಿಲ್ದಾಣಕ್ಕೆ ನಡೆದು ಹೋಗುವುದು ರೂಢಿ. ಅಕ್ಕನಿಗೆ ಎಂಬತ್ತರ ಸಮೀಪ. ಮಗ, ಸೊಸೆ, ಮೊಮ್ಮಕ್ಕಳ ನಡುವೆ ಅಡುಗೆಮನೆಯ ಅಧಿಕಾರವನ್ನು ಇನ್ನೂ ಬಿಟ್ಟುಕೊಟ್ಟಿಲ್ಲ. ಮಧ್ಯಾಹ್ನ ಊಟಕ್ಕೆ ಕೆಳಗಿಳಿದರೆ ಆ ವಾರದ ಕತೆ ಹೇಳಲೇಬೇಕು.

“ಏನಪಾ, ಈ ವಾರದ್ದು ಏನು ಕತಿ?”

ಗಂಡನನ್ನು ಬಿಟ್ಟು ಹೋಗಲೋ ಇರಲೋ ಎಂದು ಮುನ್ನೂರು ಪುಟ ತೊಳಲಾಡುವ ಹೆಂಗಸೊಬ್ಬಳ ಕತೆ ಹೇಳಿದೆ.

“ಕಡಿಗೆ ಹೋದ್ಲೋ, ಉಳಿದ್ಲೋ?”

“ಅದನ್ನ ಲೇಖಕ ಹೇಳಿಲ್ಲ.”

“ಅಷ್ಟು ದಪ್ಪ ಬರೆದು ಅಷ್ಟೂ ಹೇಳಲಿಲ್ಲ? ಎಷ್ಟು ಕೊಟ್ಟಿ?”

“ಐವತ್ತೆರಡು.”

“ಪಾಸಾತು ಬಿಡು. ಯಾರ ಪುಣ್ಯನೋ.”

ಸೊಸೆ ರೊಟ್ಟಿ ಹಾಕುತ್ತಾ ನಕ್ಕಳು. ನಾನೂ ನಕ್ಕೆ. ಆದರೆ ಮಹಡಿಗೆ ಹೋಗಿ ಕೂತು, ಐವತ್ತೆರಡು ಎಲ್ಲಿಂದ ಬಂತು ಎಂದು ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ.

ಮೌಲ್ಯಮಾಪನ ಕೇಂದ್ರಗಳಲ್ಲಿ ಕೂತು ಬೆಳೆದ ಕೈ ನನ್ನದು. ಸಾಹಿತ್ಯದ ಉತ್ತರಕ್ಕೆ ಅರವತ್ತರ ಮೇಲೆ ಕೊಡಬಾರದೆಂಬುದು ಅಲ್ಲಿ ಯಾರೂ ಬರೆದಿಡದ ಕಾನೂನು. ಮೂವತ್ತೆರಡು ಬಂದರೆ ಹುಡುಕಿ ಹುಡುಕಿ ಮೂವತ್ತೈದು ಮಾಡುವುದು ಅಲ್ಲಿಯ ಕರುಣೆ. ಅಕ್ಟೋಬರಿನ ಹೊತ್ತಿಗೆ ಚೀಟಿಗಳನ್ನು ಸಾಲಾಗಿ ಹರಡಿ ನೋಡಿದೆ. ಎಲ್ಲವೂ ಮೂವತ್ತೈದರಿಂದ ಅರವತ್ತರ ನಡುವೆ ಒತ್ತೊತ್ತಾಗಿ ನಿಂತಿದ್ದವು. ಒಂದು ಜೀವಮಾನದ ದುಃಖವನ್ನು ಹಿಡಿದಿಟ್ಟ ಪುಸ್ತಕಕ್ಕೂ, ವಿಮಾನ ನಿಲ್ದಾಣದಲ್ಲಿ ಮಾರಲೆಂದು ಹೊಲಿದ ಪುಸ್ತಕಕ್ಕೂ ನಡುವೆ ಏಳು ಅಂಕಗಳ ಅಂತರ. ನಾನು ಕಾದಂಬರಿಗಳನ್ನು ಓದುತ್ತಿರಲಿಲ್ಲ, ಪೇಪರ್ ತಿದ್ದುತ್ತಿದ್ದೆ.

ಅದಕ್ಕಿಂತ ಕುಗ್ಗಿಸಿದ್ದು ಇನ್ನೊಂದು. ಪುಸ್ತಕದ ಹಿಂದೆ ಅಂಟಿಸಿದ ಹಾಳೆಯಲ್ಲಿ ಪುಸ್ತಕವನ್ನು ಹಿಂದಿರುಗಿಸಬೇಕಾದ ತಾರೀಖಿನ ಮುದ್ರೆ ಹೊಡೆಯುತ್ತಾರಷ್ಟೆ. ಬಹುಪಾಲು ಕಾದಂಬರಿಗಳಲ್ಲಿ ಆ ಹಾಳೆ ಅಂಟಿಸಿದ ದಿನದಷ್ಟೇ ಶುಭ್ರ. ಕೆಲವು ಪುಸ್ತಕಗಳು ಪುಟಗಳ ಅಂಚು ಕತ್ತರಿಸದೆ ಕೂಡಿಕೊಂಡೇ ಬಂದಿದ್ದವು. ಅವುಗಳಲ್ಲಿ ಇದ್ದದ್ದು ಮೇಡಂ ಒಬ್ಬರೇ ಚಾಕುವಿನಿಂದ ಬಿಡಿಸಿ ಓದಿದ ಗುರುತು. ನಾನು ಪಾಠ ಮಾಡಿದ್ದು ಇದೇ ಕಾಲೇಜಿನಲ್ಲಿ, ಈ ಪುಸ್ತಕಗಳ ಕೆಳಗಿನ ಮಹಡಿಯಲ್ಲಿ. ನನ್ನ ವಿದ್ಯಾರ್ಥಿಗಳು ಗೈಡು ಓದಿ ನನ್ನಿಂದಲೇ ಐವತ್ತೈದು ಪಡೆದು ಹೋದರು. ಯಾರೂ ಮೇಲೆ ಹತ್ತಿ ಬರಲಿಲ್ಲ. ಈಗ ಯಾರಿಗಾಗಿ ಆರಿಸುತ್ತಿದ್ದೇನೆ ಎಂಬ ಪ್ರಶ್ನೆ ಬಸ್ಸಿನಲ್ಲಿ ಕೂತಾಗಲೆಲ್ಲ ಪಕ್ಕದ ಸೀಟಿನಲ್ಲಿ ಬಂದು ಕೂರುತ್ತಿತ್ತು. ಗ್ರಂಥಪಾಲಕಿಗೆ ಒಮ್ಮೆ ಕೇಳಿಯೂಬಿಟ್ಟೆ.

“ಯಾರೂ ಓದಲ್ಲ ಅಂತ ನನಗೂ ಗೊತ್ತೈತ್ರಿ ಸರ,” ಎಂದರು. “ಮೇಡಂ ನನಗೆ ಒಂದು ಪುಸ್ತಕ ಕೊಟ್ಟು, ಅರ್ಥ ಆಗದಿದ್ರೂ ಕೊನೀ ಪುಟದ ಮಟ ಹೋಗು ಅಂದಿದ್ರು. ಹೋದೆ. ಅಲ್ಲಿ ಅವರ ತಾರೀಖು ಇತ್ತು. ಅದರ ಕೆಳಗ ನನ್ನ ತಾರೀಖು ಬರೆದೆ. ಇಷ್ಟಾ ನೋಡ್ರಿ. ಇನ್ನೊಬ್ರು ಯಾರಾದ್ರೂ ಮೂರನೇ ತಾರೀಖು ಬರೀಬೋದು ಅಂತ ಆಸಿ.”

ಜನವರಿಯ ಮೂರನೆಯ ವಾರ. ಆಧಾರ: ಜೆರಾಕ್ಸ್ ಹಾಳೆ, ತಾರೀಖಿನ ಮೊದಲ ಅಂಕಿ ಸ್ಪಷ್ಟ, ಎರಡನೆಯದು ಮಸುಕು. ಬಸ್ಸು ಇನ್ನೂ ಹರಿಹರ ಮುಟ್ಟಿರಲಿಲ್ಲ. ನನ್ನ ಕೈಯಲ್ಲಿದ್ದ ಕಾದಂಬರಿಯಲ್ಲಿ ಸೇತುವೆ ಕಟ್ಟಲು ಬಂದ ಎಂಜಿನಿಯರನೊಬ್ಬ ಸೇತುವೆ ಮುಗಿದ ಮೇಲೂ ಆ ಊರು ಬಿಟ್ಟು ಹೋಗಲಾರದೆ ಉಳಿದಿದ್ದ. ಕೊನೆಗೆ ಒಂದು ಬೆಳಿಗ್ಗೆ ತನ್ನ ಬೂಟುಗಳನ್ನು ಸೇತುವೆಯ ನಟ್ಟನಡುವೆ ಬಿಚ್ಚಿಟ್ಟು ಬರಿಗಾಲಲ್ಲಿ ಊರಿನ ಕಡೆಗೇ ಹಿಂದಿರುಗುತ್ತಾನೆ. ಬೂಟುಗಳು ಬಂದ ಸಾಲನ್ನು ಮತ್ತೊಮ್ಮೆ ಓದಿದೆ. ಈ ಬೂಟುಗಳನ್ನು ನಾನು ನೋಡಿದ್ದೆ.

ಕಾಲೇಜಿಗೆ ಹಿಂದಿರುಗಿ ಓದಿದ್ದ ಪುಸ್ತಕಗಳನ್ನೂ ಅವುಗಳ ಚೀಟಿಗಳನ್ನೂ ತೆಗೆದು ತಾಳೆ ನೋಡಿದೆ. ಇದೇ ಕಾದಂಬರಿಯನ್ನು ಆಗಸ್ಟಿನಲ್ಲಿ ಓದಿದ್ದೆ. ಒಂದು ದೇಶದಲ್ಲಿ ಒಂದು ಹೆಸರಿನಿಂದ, ಇನ್ನೊಂದು ದೇಶದಲ್ಲಿ ಇನ್ನೊಂದು ಹೆಸರಿನಿಂದ ಅಚ್ಚಾಗಿತ್ತು. ಎರಡಕ್ಕೂ ಗ್ರಂಥಾಲಯದ ಕೆಂಪು ರೆಕ್ಸಿನ್ ರಟ್ಟು. ಎರಡನೆಯದರ ಶೀರ್ಷಿಕೆ ಪುಟ ಹರಿದುಹೋಗಿತ್ತು. ಮುದ್ರಣಗಳ ಕಾಲನಿರ್ಣಯ ಮಾಡುವವನೆಂದು ಕರೆಸಿಕೊಂಡವನು ಒಂದೇ ಕಾದಂಬರಿಯನ್ನು ಎರಡು ಬಾರಿ, ಬೇರೆ ಬೇರೆ ಎಂದು ತಿಳಿದು ಓದಿದ್ದೆ. ಅದೂ ಹೋಗಲಿ. ಆಗಸ್ಟಿನಲ್ಲಿ ಐವತ್ತೆಂಟು ಕೊಟ್ಟಿದ್ದೆ. ಈಗ ಬೂಟುಗಳು ಬರುವ ಮೊದಲೇ ಮನಸ್ಸಿನಲ್ಲಿ ಹಾಕಿಕೊಂಡಿದ್ದು ನಲವತ್ತೊಂದು. ನಡುವೆ ಬದಲಾದದ್ದು ಏನೆಂದು ಹುಡುಕಿದರೆ ಇಷ್ಟೇ ಸಿಕ್ಕಿತು: ಆಗಸ್ಟಿನಲ್ಲಿ ನನಗೆ ಕಿಟಕಿಯ ಸೀಟು ಸಿಕ್ಕಿರಬೇಕು, ಜನವರಿಯಲ್ಲಿ ನಿಂತು ಓದುತ್ತಿದ್ದೆ.

ಮುಂದಿನ ಸಲ ಹರಿಹರದಲ್ಲಿ ಊಟಕ್ಕೆ ಕೂತಾಗ ಅಕ್ಕನಿಗೆ ಇದ್ದದ್ದನ್ನು ಹೇಳಿದೆ. ಕೆಲಸ ಬಿಟ್ಟುಬಿಡುತ್ತೇನೆ ಎಂದೂ ಹೇಳಿದೆ.

“ಯಾಕ? ಎರಡು ಸರ್ತಿ ಓದಿದಿ, ಎರಡು ಸರ್ತಿ ಮಾರ್ಕ್ಸ್ ಕೊಟ್ಟಿ. ಪಾಪ, ಆ ಬರೆದಾತಗೆ ಸಪ್ಲಿಮೆಂಟರಿ ಕಟ್ಟಿಸಿದಂಗಾತು.”

“ತಮಾಷೆ ಅಲ್ಲಕ್ಕ. ನನ್ನ ಅಂಕಕ್ಕೆ ಅರ್ಥ ಇಲ್ಲ. ಇಷ್ಟು ತಿಂಗಳು ಬರೆದಿದ್ದೆಲ್ಲ ಸುಳ್ಳು.”

“ಅಂಕ ಸುಳ್ಳಾದ್ರೆ ಸುಳ್ಳಾಗ್ಲಿ. ಆ ಬೂಟಿನ ಕತಿ ಹೆಂಗೈತೆ? ಅಷ್ಟು ಹೇಳು.”

ತುತ್ತು ಬಾಯಲ್ಲಿತ್ತು. ಯೋಚಿಸದೆ ಹೇಳಿದೆ: “ಅಡ್ಡಿ ಇಲ್ಲ.”

“ಮತ್ತೆ ಅಷ್ಟಾ ಬರಿ.”

ಈ ಕಡೆಯವರಲ್ಲದ ಓದುಗರಿಗೆ ಈ ಮಾತಿನ ತೂಕ ಹೇಳಬೇಕು. ಹರಿಹರ, ದಾವಣಗೆರೆ, ರಾಣೆಬೆನ್ನೂರು ಸೀಮೆಯಲ್ಲಿ ಹೊಸ ಸೊಸೆಯ ಅಡುಗೆಯನ್ನು, ಕೊಳ್ಳಲು ಹೋದ ಎತ್ತನ್ನು, ನೋಡಿ ಬಂದ ವರನನ್ನು ಹಿರಿಯರು ‘ಅಡ್ಡಿ ಇಲ್ಲ’ ಎಂದರೆ ಅದು ಒಪ್ಪಿಗೆಯ ಮಾತು, ಮೆಚ್ಚುಗೆಯ ಮಾತು. ಮೈಸೂರು ಕಡೆಯವರ ‘ಪರವಾಗಿಲ್ಲ’ಕ್ಕಿಂತ ಒಂದು ಮೆಟ್ಟಿಲು ಮೇಲೆ. ಇದಕ್ಕಿಂತ ಹೆಚ್ಚು ಹೊಗಳಿದರೆ ಹೊಗಳಿದವರ ಮೇಲೆಯೇ ಅನುಮಾನ ಬರುತ್ತದೆ. ನಾಲ್ಕು ಭಾಗಗಳ ನೂರು ಅಂಕ ಮಾಡಲಾಗದ್ದನ್ನು ಆ ಮಾತು ಊಟದ ಮಣೆಯ ಮೇಲೆ ಮಾಡಿತ್ತು.

ಆದರೂ ಪರೀಕ್ಷಿಸದೆ ನಂಬುವ ಸ್ವಭಾವ ನನ್ನದಲ್ಲ. ಮೊದಲ ತಿಂಗಳುಗಳಲ್ಲಿ ಓದಿದ ಒಂದಷ್ಟು ಕಾದಂಬರಿಗಳನ್ನು ಚೀಟಿ ನೋಡದೆ ಮತ್ತೆ ಓದಿದೆ. ಮತ್ತೆ ಅಂಕ ಹಾಕಿದೆ. ಅಂಕಗಳು ಹಿಂದಿನವಕ್ಕೆ ತಾಳೆಯಾಗಲಿಲ್ಲ. ಜೊತೆಗೆ ಪ್ರತಿಯೊಂದನ್ನೂ ಮುಚ್ಚಿದ ಕೂಡಲೇ, ಅಕ್ಕ ಕೇಳಿದಂತೆ ನನ್ನನ್ನು ನಾನೇ ಕೇಳಿಕೊಂಡೆ. ಬಾಯಿಗೆ ಬಂದದ್ದು ‘ಅಡ್ಡಿ ಇಲ್ಲ’ ಅಥವಾ ‘ಬೇಡ’. ವಾರಗಳ ನಂತರ ಮತ್ತೆ ಕೇಳಿಕೊಂಡರೂ ಅದೇ ಮಾತು ಬಂತು. ಫೆಬ್ರವರಿಯಲ್ಲಿ ನಿರ್ಧರಿಸಿದೆ. ಹಳೆಯ ಚೀಟಿಗಳನ್ನೆಲ್ಲ ತೆಗೆದು, ಪ್ರತಿ ಪುಸ್ತಕಕ್ಕೂ ಹೊಸ ಚೀಟಿ ಬರೆದೆ. ಉಳಿಸಬೇಕಾದ್ದರಲ್ಲಿ ‘ಅಡ್ಡಿ ಇಲ್ಲ’. ಹೋಗಲಿ ಎನ್ನುವುದರಲ್ಲಿ ‘ಬೇಡ’. ಮೂರನೆಯ ಮಾತಿಲ್ಲ.

ಗ್ರಂಥಪಾಲಕಿ ಚೀಟಿ ನೋಡಿ ನಕ್ಕರು. “ನಮ್ಮಜ್ಜಿ ಬಂದು ಮಾರ್ಕ್ಸ್ ಹಾಕಿದಂಗೈತ್ರಿ ಸರ.”

“ತಪ್ಪಾಯ್ತಾ?”

“ಅಡ್ಡಿ ಇಲ್ರಿ,” ಎಂದರು.

ಆ ವರ್ಷದಲ್ಲಿ ಹಗುರವಾಗಿದ್ದ ತಿಂಗಳುಗಳೆಂದರೆ ಅವೇ. ಓದು ಬೆನ್ನು ನೋಯಿಸುತ್ತಿತ್ತು, ಬಲಗಣ್ಣಿನ ಪೊರೆ ಸಂಜೆಯ ಬಸ್ಸಿನಲ್ಲಿ ಸಾಲುಗಳನ್ನು ಕಲಸಿಬಿಡುತ್ತಿತ್ತು. ಆದರೂ ಸುಳ್ಳು ಹೇಳುತ್ತಿದ್ದೇನೆ ಎನ್ನಿಸುತ್ತಿರಲಿಲ್ಲ. ಎರಡು ಹೆಸರಿನ ಆ ಸೇತುವೆಯ ಕಾದಂಬರಿಗೆ ‘ಅಡ್ಡಿ ಇಲ್ಲ’ ಎಂದು ಬರೆದು, ಹರಿದ ಪ್ರತಿಯನ್ನು ಇಡೀ ಪ್ರತಿಯ ಜೊತೆ ಕಟ್ಟಿ ಇಟ್ಟೆ. ಎರಡರ ಕೊನೆಯ ಪುಟದಲ್ಲೂ ಮೇಡಂ ಅವರ ತಾರೀಖು ಇತ್ತು, ಬೇರೆ ಬೇರೆ ವರ್ಷಗಳದ್ದು. ಅವರೂ ಎರಡು ಸಲ ಓದಿದ್ದರು. ಗೊತ್ತಿದ್ದೇ ಓದಿದರೋ, ನನ್ನ ಹಾಗೆಯೋ, ತಾರೀಖು ಅದನ್ನು ಹೇಳುವುದಿಲ್ಲ.

ಜೂನ್ ಕೊನೆಯ ಸೋಮವಾರ ಕೆಲಸ ಮುಗಿಯಿತು. ಪುಸ್ತಕಗಳು ಮೇಲಿನ ಹಾಲಿನಲ್ಲೇ ಇದ್ದವು, ಪ್ರತಿಯೊಂದರಿಂದಲೂ ಚೀಟಿಯ ತುದಿ ಇಣುಕುತ್ತಿತ್ತು. ಇನ್ನು ಕಪಾಟು ಬಂದರೆ ಗ್ರಂಥಪಾಲಕಿ ಜೋಡಿಸುವುದು ಎಂದು ಮಾತಾಗಿತ್ತು. ಓದು ಮುಗಿದಿದ್ದರಿಂದ ನಾನು ಟಿಕೆಟ್ಟುಗಳ ಜೆರಾಕ್ಸ್ ಮಾಡಿಸುವುದನ್ನು ನಿಲ್ಲಿಸಿದೆ. ಶನಿವಾರದ ಹರಿಹರದ ರೂಢಿ ಮಾತ್ರ ನಿಲ್ಲಲಿಲ್ಲ.

ಕಪಾಟಿನ ಉದ್ಘಾಟನೆ ಆಗಸ್ಟ್ ಹದಿನೈದರಂದು, ಧ್ವಜಾರೋಹಣದ ನಂತರ. ನನ್ನನ್ನು ಎರಡು ಮಾತಾಡಲು ಕರೆದಿದ್ದರು. ಕಪಾಟಿಗೆ ಬಿಳಿ ಬಟ್ಟೆ ಹೊದಿಸಿ ರಿಬ್ಬನ್ ಕಟ್ಟಿದ್ದರು. ಮೇಲೆ ಮೇಡಂ ಅವರ ಹೆಸರಿನ ಹಿತ್ತಾಳೆಯ ಫಲಕ: ಅವರ ಸ್ಮರಣಾರ್ಥ ಆಯ್ದ ಕಾದಂಬರಿಗಳು. ಬಟ್ಟೆ ಸರಿಸಿದರು, ಚಪ್ಪಾಳೆ ಬಿತ್ತು. ಗಾಜಿನ ಹಿಂದೆ ಕೆಂಪು ರೆಕ್ಸಿನ್ ಬೆನ್ನುಗಳ ಸಾಲು. ಬೆನ್ನುಗಳ ಮೇಲೆ ಬಿಳಿ ಬಣ್ಣದ ಸಂಖ್ಯೆಗಳು ಮಾತ್ರ, ಆದರೆ ಒಂದು ವರ್ಷ ಕೈಯಲ್ಲಿ ಹಿಡಿದಿದ್ದ ಆ ಸಂಖ್ಯೆಗಳು ನನಗೆ ಮುಖಗಳಂತೆ ಗುರುತಿದ್ದವು. ವಿಮಾನ ನಿಲ್ದಾಣದ ಕಾದಂಬರಿಗಳು ಮೇಲಿನ ಹಲಗೆಯಲ್ಲಿದ್ದವು. ಕೊಲೆಗಾರ ಮೂರನೆಯ ಪುಟದಲ್ಲೇ ತಿಳಿದುಹೋಗುವ ಪತ್ತೇದಾರಿ ಕತೆಗಳು ಅದರ ಕೆಳಗೆ. ಗಂಡನ ಮನೆ ಬಿಡಲೋ ಇರಲೋ ಎನ್ನುವ ಮುನ್ನೂರು ಪುಟ ನಡುವೆ. ನಾನು ‘ಬೇಡ’ ಎಂದು ಬರೆದ ಒಂದೊಂದೂ ಅಲ್ಲಿತ್ತು. ‘ಅಡ್ಡಿ ಇಲ್ಲ’ ಎಂದು ಬರೆದ ಒಂದೂ ಇರಲಿಲ್ಲ.

ಪಕ್ಕದಲ್ಲಿ ಕಚೇರಿಯ ಅಧೀಕ್ಷಕರು ನಿಂತಿದ್ದರು. ಮೈಸೂರು ಕಡೆಯವರು, ಎರಡು ವರ್ಷದ ಹಿಂದೆ ಬಂದವರು, ಸಜ್ಜನರು. ನನ್ನ ಮುಖ ನೋಡಿ ಸಂತೋಷಕ್ಕೆ ಮಾತು ಬರುತ್ತಿಲ್ಲ ಎಂದುಕೊಂಡರು.

“ಸಾರ್, ನೀವು ಬರೆದಿದ್ದರಲ್ಲಿ ಒಂದಕ್ಷರ ಬದಲಾಯಿಸಿಲ್ಲ. ಚೀಟಿ ನೋಡ್ಕೊಂಡು ನಾನೇ ಕೂತು ಟೈಪ್ ಮಾಡಿಸಿದೆ.”

“ಉಳಿದ ಪುಸ್ತಕ ಎಲ್ಲಿ?”

“ಅವು ವಿಲೇವಾರಿ ಆಯ್ತಲ್ಲ ಸಾರ್. ನೀವೇ ಅಡ್ಡಿಯಿಲ್ಲ ಅಂದಿದ್ರಲ್ಲ.”

ಆಮೇಲೆ ಕಚೇರಿಯಲ್ಲಿ ಕೂತು ಅವರು ಟೈಪ್ ಮಾಡಿಸಿದ ಪ್ರತಿಯನ್ನು ತೋರಿಸಿದರು. ಮೊದಲ ಕಾಲಂ, ಪುಸ್ತಕದ ಸಂಖ್ಯೆ. ಎರಡನೆಯ ಕಾಲಮಿಗೆ ಕಚೇರಿಯ ಪದ್ಧತಿಯಂತೆ ತಲೆಬರಹ ಬೇಕಾಗಿತ್ತು. ಚೀಟಿಯಲ್ಲಿ ನಾನು ಬರೆದಿರಲಿಲ್ಲ. ಅವರು ಹಾಕಿದ್ದು: ‘ವಿಲೇವಾರಿ ಬಗ್ಗೆ ಪರಿಶೀಲಕರ ಅಭಿಪ್ರಾಯ’. ಅದರ ಕೆಳಗೆ ನನ್ನ ಮಾತುಗಳು ಒಂದರ ಕೆಳಗೊಂದು. ವಿಲೇವಾರಿ ಬಗ್ಗೆ: ಬೇಡ. ವಿಲೇವಾರಿ ಬಗ್ಗೆ: ಅಡ್ಡಿ ಇಲ್ಲ. ವಿಲೇವಾರಿ ಬಗ್ಗೆ: ಅಡ್ಡಿ ಇಲ್ಲ. ಓದುತ್ತ ಹೋದಂತೆ ಆ ಕನ್ನಡದಲ್ಲಿ ತಪ್ಪು ಹುಡುಕಲು ನನಗೂ ಸಾಧ್ಯವಾಗಲಿಲ್ಲ.

ನಾನು ವಿವರಿಸಿದೆ. ಅವರು ಆ ಕಾಲಮಿನ ಮೇಲೆ ಬೆರಳಿಟ್ಟು ಕೊನೆಯ ಸಾಲಿನವರೆಗೆ ಓದಿದರು. “ನಮ್ಮ ಕಡೆ ಅಡ್ಡಿಯಿಲ್ಲ ಅಂದ್ರೆ ಆಕ್ಷೇಪಣೆ ಇಲ್ಲ ಅಂತ ಸಾರ್,” ಎಂದರು. “ಒಳ್ಳೇದು ಅಂತ ಯಾರು ಅಂತಾರೆ?” ಅವರ ಧ್ವನಿ ಕೊನೆಯಲ್ಲಿ ಇಳಿದುಹೋಗಿತ್ತು.

ಪಟ್ಟಿ ಟೈಪಾಗಿ ಪುಸ್ತಕ ಸಾಗುವಾಗ ಗ್ರಂಥಪಾಲಕಿ ಇರಲಿಲ್ಲವೇ ಎಂದು ಕೇಳಬಹುದು. ಇರಲಿಲ್ಲ. ಗುತ್ತಿಗೆಯವರಿಗೆ ಒಂದು ಆದೇಶ ಮುಗಿದು ಇನ್ನೊಂದು ಆದೇಶ ಬರುವ ನಡುವೆ ಕೆಲವು ದಿನ ಕಡ್ಡಾಯವಾಗಿ ಮನೆಯಲ್ಲಿ ಕೂರಿಸುತ್ತಾರೆ, ಸೇವೆ ಅಖಂಡವೆಂದು ಅವರು ಮುಂದೆ ಹಕ್ಕು ಕೇಳಬಾರದೆಂದು. ಜುಲೈ ಕೊನೆಯಿಂದ ಆಗಸ್ಟ್ ಎರಡನೆಯ ವಾರದವರೆಗೆ ಅವರು ಭಾನುವಳ್ಳಿಯಲ್ಲಿದ್ದರು. ಹಿಂದಿರುಗಿದಾಗ ಕಪಾಟು ಬಟ್ಟೆಯೊಳಗಿತ್ತು, ಕೀಲಿ ಕಚೇರಿಯಲ್ಲಿತ್ತು. ಬಟ್ಟೆ ಸರಿದ ಕ್ಷಣ ಅವರೂ ನನ್ನ ಹಿಂದೆಯೇ ಹೂಗುಚ್ಛ ಹಿಡಿದು ನಿಂತಿದ್ದರು.

“ಒಂದು ಮಾತು ನನ್ನ ಕೇಳಿದ್ರೆ ಆಗ್ತಿತ್ತು,” ಎಂದರು. “ಫೋನ್ ನಂಬರ್ ಇತ್ತು ಅವರ ಹತ್ರ.” ಅಷ್ಟೇ. ಆಮೇಲೆ ಹೂಗುಚ್ಛವನ್ನು ನನ್ನ ಕೈಗೆ ಕೊಟ್ಟರು, ಕೊಡಬೇಕಾಗಿತ್ತಾದ್ದರಿಂದ.

ಮರುದಿನ ಇಬ್ಬರೂ ಮಂಡಿಪೇಟೆಗೆ ಹೋದೆವು. ಸಗಟು ಅಂಗಡಿಗಳ ಹಿಂದಿನ ಓಣಿಯಲ್ಲಿ ರದ್ದಿ ವ್ಯಾಪಾರಿಯ ಗೋದಾಮು. ಅವರು ತಕ್ಕಡಿಯಿಂದ ಕಣ್ಣು ತೆಗೆಯದೆ ಮಾತಾಡಿದರು.

“ಕಾಲೇಜಿನ ಲೋಡಾ? ಬಂದಿತ್ರಿ. ಹದಿನೈದು ದಿನ ಆತಲ್ಲ. ಸೋಮವಾರನಾ ಮಿಲ್ಲಿಗೆ ಹೋತು.”

“ಒಂದೆರಡಾದರೂ ಉಳಿದಿರಬಹುದಾ?”

“ಉಳಿಸ್ಕೊಳ್ಳಾಕೆ ಏನೈತ್ರಿ ಅದ್ರಾಗೆ? ಪುಟ ನೋಡಿದ್ರೆ ಇಷ್ಟಿಷ್ಟಾ. ಪೊಟ್ಟಣ ಕಟ್ಟಾಕೂ ಬರಂಗಿಲ್ಲ. ನಿಮ್ಮ ಕಾಲೇಜಿನ ಆನ್ಸರ್ ಪೇಪರ್ ಆದ್ರೆ ಬ್ಯಾರೆ ಮಾತು. ದೊಡ್ಡ ಹಾಳಿ, ಅರ್ಧ ಖಾಲಿ. ಮಂಡಕ್ಕಿ ಅಂಗಡಿಯೋರು ಕೇಳಿ ಒಯ್ತಾರೆ.” ನಂತರ ಏನನ್ನಿಸಿತೋ, ಗೋದಾಮಿನ ಮೂಲೆ ತೋರಿಸಿದರು. “ರೆಕ್ಸಿನ್ ರಟ್ಟು ಮಿಲ್ಲಿನೋರು ತಗೊಳಲ್ಲ. ಕಿತ್ತು ಅಲ್ಲಿ ಒಗದೀವಿ. ಬೇಕಾದ್ರೆ ನೋಡ್ಕೊಳ್ರಿ.”

ಕೆಂಪು ರಟ್ಟುಗಳ ರಾಶಿ ಸೊಂಟದೆತ್ತರ ಇತ್ತು. ಒಳಗೆ ಏನೂ ಇರಲಿಲ್ಲ. ಗ್ರಂಥಪಾಲಕಿ ಸೆರಗು ಸಿಕ್ಕಿಸಿಕೊಂಡು ಕೂತು ಒಂದೊಂದನ್ನೇ ತೆರೆದು ನೋಡಿದರು. ಮಧ್ಯಾಹ್ನ ಕಳೆಯಿತು. ಒಂದು ರಟ್ಟಿನ ಒಳಮೈಗೆ ಕೊನೆಯ ಪುಟದ ಕೆಳಗಿನ ತುಂಡು ಅಂಟಿಕೊಂಡು ಉಳಿದಿತ್ತು. ಅಚ್ಚಾದ ಸಾಲೊಂದೂ ಅದರಲ್ಲಿರಲಿಲ್ಲ. ಖಾಲಿ ಅಂಚು, ಅದರಲ್ಲಿ ಪೆನ್ಸಿಲಿನ ಒಂದು ತಾರೀಖು. ಮಾರ್ಚ್ ತಿಂಗಳದ್ದು, ಮೇಡಂ ಅವರ ಕೈ. ಬೆನ್ನಿನ ಮೇಲಿನ ಸಂಖ್ಯೆ ಸವೆದುಹೋಗಿತ್ತು. ತಾರೀಖಿಲ್ಲದ ಪುಸ್ತಕಗಳಿಗೆ ತಾರೀಖು ಹುಡುಕುವುದು ನನ್ನ ಕಸುಬು. ಪುಸ್ತಕವಿಲ್ಲದ ಈ ತಾರೀಖನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಅದು ಯಾವ ಕಾದಂಬರಿಯದೆಂದು ಇವತ್ತಿನವರೆಗೂ ನಿರ್ಣಯಿಸಲು ಆಗಿಲ್ಲ.

ಕಪಾಟನ್ನು ಖಾಲಿ ಮಾಡಬೇಕೆಂದು, ಆ ಫಲಕವನ್ನಾದರೂ ತೆಗೆಯಬೇಕೆಂದು ಆಡಳಿತ ಮಂಡಳಿಗೆ ಬರೆದೆ. ಉದ್ಘಾಟನೆಯಾಗಿರುವುದರಿಂದ ಸಾಧ್ಯವಿಲ್ಲವೆಂದರು. ಆ ಪತ್ರದ ಎರಡನೆಯ ಪ್ಯಾರಾದಲ್ಲಿ ನಾನು ಹೀಗೆ ಬರೆದಿದ್ದೆ: ಪುಸ್ತಕಗಳನ್ನು ಸಾಗಿಸಿದ ದಿನ ಆಗಸ್ಟ್ ಎರಡು, ಶನಿವಾರ, ಅಂದು ನಾನು ಬೆಳಿಗ್ಗೆ ಮೊದಲ ಬಸ್ಸಿಗೇ ಹರಿಹರಕ್ಕೆ ಹೋಗಿದ್ದೆ, ಕಾಲೇಜಿನ ಆಸುಪಾಸಿನಲ್ಲಿ ಇದ್ದಿದ್ದರೆ ಒಂದು ಚೀಲವೂ ಗೇಟು ದಾಟಲು ಬಿಡುತ್ತಿರಲಿಲ್ಲ. ಆಧಾರವಾಗಿ ಅಂದಿನ ಟಿಕೆಟ್ಟನ್ನು ಲಗತ್ತಿಸಿದ್ದೆ. ತಾರೀಖು ಓದಲು ಬರುತ್ತಿತ್ತು. ಹೊತ್ತು ನಮೂದಾಗುವ ಕೆಳಭಾಗ ಬಿಳಿಯಾಗಿತ್ತು. ಅದು ಮುಖ್ಯವೆಂದು ನನಗೆ ತೋರಲಿಲ್ಲ, ಏಕೆಂದರೆ ಆ ಬೆಳಗು ನನಗೆ ಸ್ಪಷ್ಟವಾಗಿ ನೆನಪಿತ್ತು. ಹೊಳೆ ಎರಡೂ ದಡ ಮುಟ್ಟಿ ಕೆಂಪಗೆ ಹರಿಯುತ್ತಿತ್ತು. ಬಸ್ಸಿನಿಂದ ಇಳಿದವನು ಅಕ್ಕನ ಮನೆಗೆ ಹೋಗುವ ಮೊದಲು ಹಳೆಯ ಸೇತುವೆಯ ಬಳಿ ನಿಂತು, ಬೂಟು ಬಿಟ್ಟು ಹೋದ ಎಂಜಿನಿಯರನನ್ನು ನೆನೆದಿದ್ದೆ.

ಪತ್ರ ಕಳಿಸಿದ ಮರುವಾರ ಗ್ರಂಥಪಾಲಕಿ ಫೋನು ಹಿಡಿದು ಬಂದರು.

“ಸರ, ಇದನ್ನ ತೋರಿಸ್ಬೇಕೋ ಬ್ಯಾಡೋ ಅಂತ ಭಾಳ ಯೋಚ್ನೆ ಮಾಡೀನಿ. ನೀವು ತಾರೀಖು ಅಂದ್ರೆ ಬಿಡೋರಲ್ಲ. ಮುಂದೆ ಯಾರೋ ತೋರಿಸೋದಕ್ಕಿಂತ ನಾನಾ ತೋರಿಸ್ತೀನಿ.”

ಸಿಬ್ಬಂದಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೋ ಹಾಕಿದ್ದ ವಿಡಿಯೊ; ಕ್ಯಾಂಪಸ್ ಸ್ವಚ್ಛತೆ ಎಂದು ಮೇಲೆ ಬರೆದಿದೆ. ಕಾಲೇಜಿನ ಹಿಂಬಾಗಿಲು. ಚೀಲಗಳನ್ನು ಹೇರಿ ತಾಡಪಾಲು ಹೊದಿಸಿದ ಟೆಂಪೊ ಹಿಂದಕ್ಕೆ ಬರುತ್ತಿದೆ. ಬೇವಿನ ಮರದ ಕೆಳಗೆ ಒಂದು ಸ್ಕೂಟರು ದಾರಿಗೆ ಅಡ್ಡವಾಗಿ ನಿಂತಿದೆ. ಚಾಲಕ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಯಜಮಾನ್ರೆ, ಗಾಡಿ ಸ್ವಲ್ಪ ಸರಸ್ರಿ,” ಎನ್ನುತ್ತಾನೆ. ಎಡಗಡೆಯಿಂದ ಬಟ್ಟೆಯ ಚೀಲ ಹೆಗಲಿಗೇರಿಸಿದ ಮುದುಕನೊಬ್ಬ ಬರುತ್ತಾನೆ. ಸ್ಕೂಟರನ್ನು ಕಷ್ಟಪಟ್ಟು ಗೋಡೆಯ ಕಡೆಗೆ ತಳ್ಳುತ್ತಾನೆ. ಹಿಂದೆ ತಿರುಗಿ ಜಾಗ ಸಾಕೇ ಎಂದು ನೋಡುತ್ತಾನೆ. ತಾಡಪಾಲಿನ ಅಂಚು ಅವನ ತೋಳಿಗೆ ತಗಲುವಷ್ಟು ಹತ್ತಿರದಲ್ಲಿದೆ. ಕೈ ಎತ್ತಿ ಚಾಲಕನಿಗೆ ಸನ್ನೆ ಮಾಡುತ್ತಾನೆ.

“ಅಡ್ಡಿ ಇಲ್ಲ, ಬರ್ರಿ.”

ಎರಡು ಆಧಾರಗಳು ಒಂದಕ್ಕೊಂದು ವಿರುದ್ಧವಾದಾಗ ನೆನಪನ್ನು ಕೈಬಿಟ್ಟು ದಾಖಲೆಯನ್ನು ಹಿಡಿಯಬೇಕೆಂಬುದು ನಾನು ಪಾಲಿಸುತ್ತ ಬಂದ ನಿಯಮ. ಪತ್ರದ ಎರಡನೆಯ ಪ್ಯಾರಾವನ್ನು ಹಿಂದಕ್ಕೆ ಪಡೆದಿದ್ದೇನೆ. ಆದರೂ ಆ ಶನಿವಾರ ಎಂದ ಕೂಡಲೇ ನನಗೆ ಕಾಣುವುದು ಬೆಳಗಿನ ಹೊಳೆ, ಕೆಂಪು ನೀರು, ಸೇತುವೆಯ ಕಟಕಟೆಯ ತಣ್ಣನೆಯ ಕಲ್ಲು. ಟೆಂಪೊ ಕಾಣುವುದಿಲ್ಲ.

ವಿಡಿಯೊ ಗುಂಪಿಗೆ ಬಂದದ್ದು ಆಗಸ್ಟ್ ಎರಡು, ಬೆಳಿಗ್ಗೆ ಹತ್ತು ಗಂಟೆಯ ನಂತರ. ಅದರಲ್ಲಿರುವ ಧ್ವನಿ ನನ್ನದೇ.